ಆಟದ ಕಂಪನಿಗೆ ಚಿಗವ್ವ ಬರೆದ ಪತ್ರಗಳು

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಕಮಲಾಪುರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ತಿಂಗಳಿಗೆ ಎರಡು ಸಲವಾದರೂ ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ, ಸೀದಾ ಬಸ್ಸು ಹತ್ತಿ ಕಲಬುರಗಿಗೆ ಬರುತ್ತಿದ್ದಳು. ಶರಣಬಸವೇಶ್ವರ ಗುಡಿಯಿಂದ ನಮ್ಮ ಮನೆಗೆ ನಡೆದು ಐದು ನಿಮಿಷ. ಬಣ್ಣ, ಹಾಳೆ, ಬ್ರಷ್ಷು ಕೊಳ್ಳುವುದು ನೆಪ. ಅವ್ವನ ಜೊತೆ ಕೂತು ಮನಸಾರೆ ಮಾತಾಡುವುದು ನಿಜವಾದ ಕಾರಣ. ಭಾನುವಾರ ಮಧ್ಯಾಹ್ನ ಊಟ ಮಾಡಿ ಹೊರಟುಬಿಡುತ್ತಿದ್ದಳು.

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ. ನಾನು ಆಗ ಕಾಲೇಜಿನಲ್ಲಿದ್ದೆ, ಅದು ನನ್ನ ಓದಿಗೆಂದೇ ಬಂದದ್ದು. ಅಪ್ಪ ಅದನ್ನು ಪಡಸಾಲೆಯ ಮೂಲೆಗೆ ಇಡಿಸಿದ. ಅವ್ವ ಹಳೆಯ ಸೀರೆಯ ಅಂಚು ಹಚ್ಚಿ ಅದಕ್ಕೊಂದು ಹೊದಿಕೆ ಹೊಲಿದಳು. ಮೊದಲ ತಿಂಗಳಲ್ಲೇ ಅದರೊಳಗೆ ಓದಿನ ಜೊತೆ ಒಂದು ಆಟವೂ ಸೇರಿಕೊಂಡಿತು. ಗೆಳತಿಯೊಬ್ಬಳು ತಂದುಕೊಟ್ಟ ಸಿ.ಡಿ. ಅದು. ಅದರಲ್ಲಿ ಗುಂಡು ಹಾರಿಸುವುದಿಲ್ಲ, ಕಾರು ಓಡಿಸುವುದಿಲ್ಲ. ಒಂದು ಖಾಲಿ ಜಾಗ ಕೊಡುತ್ತಾರೆ. ನೀವು ಗೋಡೆ ಎಬ್ಬಿಸಿ, ಬಾಗಿಲು ಇಟ್ಟು, ಮಂಚ ಕುರ್ಚಿ ಹಾಕಿ, ಒಳಗೆ ಜನರನ್ನು ಬಿಡಬೇಕು. ಅವರಿಗೆ ಹಸಿವಾಗುತ್ತದೆ, ನಿದ್ದೆ ಬರುತ್ತದೆ, ಬೇಜಾರಾಗುತ್ತದೆ, ಒಬ್ಬರಿಗೊಬ್ಬರು ಜಗಳಾಡುತ್ತಾರೆ. ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಬದುಕಿಸುತ್ತ ಹೋಗುವುದಷ್ಟೆ.

ಒಂದು ಶನಿವಾರ ನಾನು ಆಡುತ್ತಿದ್ದಾಗ ಚಿಗವ್ವ ಚಹಾದ ಕಪ್ಪು ಹಿಡಿದು ನನ್ನ ಹಿಂದೆ ಬಂದು ನಿಂತಳು. ಚಹಾ ಆರುವ ತನಕ ತೆರೆ ನೋಡಿ ಕೇಳಿದಳು:

"ಈ ಮನಿ ನೀನೇ ಕಟ್ಟಿದ್ಯಾ?"

"ಹೂಂ."

"ಬಾಗಲಾ ಎದುರಾಬದುರಾ ಇಟ್ಟಿಲ್ಲಲ್ಲ. ಗಾಳಿ ಹೆಂಗ ಆಡ್ತದ?"

ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಆ ಕುರ್ಚಿ ನನಗೆ ವಾಪಸು ಸಿಕ್ಕಿದ್ದು ಮರುದಿನ, ಅವಳು ಬಸ್ಸಿಗೆ ಹೋದ ಮೇಲೆ.

ಅವಳು ಮೊದಲು ಕಟ್ಟಿದ್ದು ಕಮಲಾಪುರದ ತನ್ನ ಮನೆಯನ್ನೇ. ಅಲ್ಲಿ ಅವರು ಒಂಬತ್ತು ಮಂದಿ. ಅವಳ ಅತ್ತೆ, ಬಸ್ ಕಂಡಕ್ಟರಾಗಿದ್ದ ಗಂಡ, ಅವಳು, ಇಬ್ಬರು ಮಕ್ಕಳು. ಮೈದುನ, ಅವನ ಹೆಂಡತಿ, ಅವರ ಇಬ್ಬರು ಮಕ್ಕಳು. ಒಬ್ಬೊಬ್ಬರನ್ನೇ ಆರಿಸಿ, ಮುಖ ಹೋಲುವಂತೆ ನೋಡಿ, ಹೆಸರು ಕೊಟ್ಟು ಒಳಗೆ ಬಿಟ್ಟಳು. ಎಂಟು ಮಂದಿ ಆದ ಮೇಲೆ ಆಟ ನಿಂತುಬಿಟ್ಟಿತು.

"ಇನ್ನೊಬ್ಬರನ್ನ ತಗೊಳವಲ್ದು ನೋಡು," ಎಂದಳು.

"ಒಂದ ಮನ್ಯಾಗ ಎಂಟೇ ಮಂದಿ, ಚಿಗವ್ವ. ಅದರ ಮ್ಯಾಲ ಆಗಂಗಿಲ್ಲ."

"ಯಾರ ಹೇಳಿದ್ರು?"

"ಆಟ ಮಾಡಿದವರು."

"ಅವರ ಮನ್ಯಾಗ ಎಷ್ಟ ಮಂದಿ ಇದ್ದಾರಂತ?"

ಕಾಕಾನನ್ನು ಬಿಟ್ಟುಬಿಡು, ಅವನು ಹೇಗಿದ್ದರೂ ದಿನವಿಡೀ ಬಸ್ಸಿನಲ್ಲೇ ಇರುತ್ತಾನಲ್ಲ ಎಂದು ನಾನು ನಕ್ಕೆ. ಅವಳು ನಗಲಿಲ್ಲ. ತೆರೆಯ ಮೇಲಿನ ಎಂಟು ಮುಖಗಳನ್ನು ಮತ್ತೊಮ್ಮೆ ನೋಡಿದಳು. ಹೊರಗುಳಿದವಳು ಅವಳೇ. ಮಿಕ್ಕವರನ್ನೆಲ್ಲ ಮೊದಲು ಒಳಗೆ ಕಳಿಸಿ ತನ್ನನ್ನು ಕೊನೆಗೆ ಇಟ್ಟುಕೊಂಡಿದ್ದಳು.

"ಇರ್ಲಿ ಬಿಡು. ಆಡಸಾಕ ಹೊರಗೊಬ್ಬರು ಬೇಕಲ್ಲ," ಎಂದಳು.

ಆಟ ಅವಳಿಗೆ ಬಹಳ ಹಿಡಿಸಿತು ಎಂಬುದರಲ್ಲಿ ಸಂಶಯವಿಲ್ಲ. ಹಿಡಿಸಿದ್ದಕ್ಕೇ ಅದರ ಕೊರತೆಗಳು ಅವಳಿಗೆ ಚುಚ್ಚತೊಡಗಿದವು. ಅಲ್ಲಿ ಮಕ್ಕಳು ಎಂದೂ ದೊಡ್ಡವರಾಗುತ್ತಿರಲಿಲ್ಲ. ದೊಡ್ಡವರು ಎಂದೂ ಮುದುಕರಾಗುತ್ತಿರಲಿಲ್ಲ. ಅತ್ತೆಗೆಂದು ಬಿಳಿ ಕೂದಲು ಆರಿಸಿದ್ದಳು, ನಿಜ. ಆದರೆ ಆ ಅತ್ತೆ ಬೆಳಿಗ್ಗೆ ಎದ್ದು ಅಂಗಳದಲ್ಲಿ ಜಿಗಿದಾಡುತ್ತ ವ್ಯಾಯಾಮ ಮಾಡುತ್ತಿದ್ದಳು. ಯಾರೂ ನೆಲದ ಮೇಲೆ ಕೂರುತ್ತಿರಲಿಲ್ಲ. ಎಲ್ಲರೂ ಒಟ್ಟಿಗೆ ಉಣ್ಣುತ್ತಿರಲಿಲ್ಲ. ಒಬ್ಬ ತಾಟು ಹಿಡಿದು ಬಂದರೆ ಇನ್ನೊಬ್ಬ ಎದ್ದು ಹೋಗುತ್ತಿದ್ದ.

ಇದನ್ನೆಲ್ಲ ಮುಂದಿನ ಸಿ.ಡಿ.ಯಲ್ಲಿ ಸರಿಮಾಡುತ್ತಾರೆ ಎಂದು ನಾವು ಕಾಯುತ್ತಿದ್ದೆವು. ಅದೇ ಆಟಕ್ಕೆ ಸೇರಿಸುವ ಹೊಸ ಹೊಸ ಸಿ.ಡಿ.ಗಳು ಬರುತ್ತಲೂ ಇದ್ದವು. ಒಂದರಲ್ಲಿ ಸಮುದ್ರದ ದಂಡೆಗೆ ರಜೆಗೆ ಹೋಗಬಹುದು. ಇನ್ನೊಂದರಲ್ಲಿ ಸಿನಿಮಾ ನಟರಾಗಬಹುದು. ಮುದುಕರೂ ಇಲ್ಲ, ಬೆಳೆಯುವ ಮಕ್ಕಳೂ ಇಲ್ಲ, ಒಂಬತ್ತನೆಯವರಿಗೆ ಜಾಗವೂ ಇಲ್ಲ.

"ಕೇಳಿದ್ದು ಒಂದು, ಕೊಟ್ಟಿದ್ದು ಒಂದು," ಎಂದಳು ಚಿಗವ್ವ. "ಇವರಿಗಿ ಒಂದು ಪತ್ರ ಬರೀಬೇಕು. ವಿಳಾಸ ಎಲ್ಲದ?"

ನಾನು ಸಿ.ಡಿ.ಯ ಡಬ್ಬಿ ತೆರೆದು ತೋರಿಸಿದೆ. ಒಳಗಿದ್ದದ್ದು ಬಣ್ಣ ಮಾಸಿದ ಒಂದು ಜೆರಾಕ್ಸ್ ಹಾಳೆ. ಅವಳು ಅದನ್ನು ಬೆಳಕಿಗೆ ಹಿಡಿದಳು.

"ಇದೇನು, ಅಸಲಿ ಅಲ್ಲ?"

"ಕಾಪಿ, ಚಿಗವ್ವ. ಎಲ್ಲಾರ ಮನ್ಯಾಗೂ ಕಾಪೀನೇ ಇರ್ತದ."

ಅವಳ ಮುಖ ಕೆಂಪಾಯಿತು. ಪರೀಕ್ಷೆಯಲ್ಲಿ ನಕಲು ಹೊಡೆದ ಹುಡುಗಿಯನ್ನು ಹಿಡಿದವಳಂತೆ ನನ್ನನ್ನು ನೋಡಿದಳು. "ನಕಲಿ ಮಾಲು ಇಟಗೊಂಡು ಅಸಲಿ ಮಂದಿಗಿ ತಕರಾರು ಮಾಡೂದಾ? ಯಾವ ಮುಖ ಇಟಗೊಂಡು ಬರೀಲಿ?"

ಅಂದಿನಿಂದ ಅವಳು ಆಟ ಮುಟ್ಟಲಿಲ್ಲ. ಶನಿವಾರ ಬಂದರೆ ಕಂಪ್ಯೂಟರಿಗೆ ಬೆನ್ನು ಮಾಡಿ ಅವ್ವನ ಜೊತೆ ಕೂರುತ್ತಿದ್ದಳು. ಕೊನೆಗೆ ಅಪ್ಪನ ಗೆಳೆಯರೊಬ್ಬರು ನೆರವಾದರು. ನೆಹರು ಗಂಜಿನ ಪೇಟೆಯಲ್ಲಿ ತೊಗರಿಬೇಳೆ ವ್ಯಾಪಾರ ಅವರದು. ವ್ಯಾಪಾರದ ಮೇಲೆ ಆಗಾಗ ಹೈದರಾಬಾದಿಗೆ ಹೋಗುತ್ತಿದ್ದರು. ಅವರಿಗೆ ಚೀಟಿ ಬರೆದುಕೊಟ್ಟು ಅಸಲಿ ಸಿ.ಡಿ. ತರಿಸಿದಳು. ಅವರು ಹೊಳೆಯುವ ದೊಡ್ಡ ಡಬ್ಬಿಯನ್ನು ಅವಳ ಕೈಗಿಡುತ್ತ ಕೇಳಿದರು:

"ಅಕ್ಕಾರ, ಇದು ಬಚ್ಚಾಲೋಗ್ ಆಡೂದಂತಲ್ರಿ. ನಿಮಗ್ಯಾಕ?"

"ಇವರ ಮ್ಯಾಲ ಒಂದು ತಕರಾರು ಕೊಡೂದದರಿ. ಅದಕ್ಕ ಬೇಕಾಗಿತ್ತು."

ಅವರು ಅಪ್ಪನ ಕಡೆ ನೋಡಿದರು. ಅಪ್ಪ ಹುಬ್ಬು ಹಾರಿಸಿದ.

ಆ ಭಾನುವಾರ ಚಿಗವ್ವ ಡ್ರಾಯಿಂಗ್ ಹಾಳೆಯ ಮೇಲೆ ಪತ್ರ ಬರೆದಳು. ಅವಳು ಕನ್ನಡದಲ್ಲಿ ಹೇಳಿದ್ದನ್ನು ನಾನು ಇಂಗ್ಲಿಷಿಗೆ ಮಾಡಿ ಕಚ್ಚಾ ಪ್ರತಿ ಕೊಟ್ಟೆ. ಅದನ್ನು ಅವಳು ದುಂಡಗಿನ ಅಕ್ಷರದಲ್ಲಿ ಇಳಿಸಿದಳು. ಅದರ ಅರ್ಥ ಹೀಗಿತ್ತು: ನಿಮ್ಮ ಆಟ ಬಹಳ ಚೆನ್ನಾಗಿದೆ. ಜನರ ಸಣ್ಣ ಸಣ್ಣ ಕೆಲಸಗಳನ್ನು ಇಷ್ಟು ಪ್ರೀತಿಯಿಂದ ನೋಡಿದವರು ಕೆಟ್ಟವರಿರಲಾರರು. ಆದರೆ ನಮ್ಮ ಮನೆಯಲ್ಲಿ ಒಂಬತ್ತು ಮಂದಿ ಇದ್ದೇವೆ, ನಿಮ್ಮಲ್ಲಿ ಎಂಟೇ ಮಂದಿಗೆ ಜಾಗ. ನಮ್ಮ ನಾಲ್ಕೂ ಮಕ್ಕಳು ನಿಮ್ಮ ಆಟದಲ್ಲಿ ವರ್ಷದಿಂದ ಅದೇ ತರಗತಿಯಲ್ಲಿದ್ದಾರೆ. ನಾನು ಟೀಚರ್ ಆದ್ದರಿಂದ ಇದು ನನಗೆ ನಾಚಿಕೆಯ ಸಂಗತಿ. ದಯವಿಟ್ಟು ಅವರನ್ನು ಪಾಸು ಮಾಡಿ.

ಪತ್ರದ ಕೆಳಗೆ ಒಂದು ಚಿತ್ರ. ಒಂಬತ್ತು ಮಂದಿ ನೆಲದ ಮೇಲೆ ಸಾಲಾಗಿ ಕೂತು ಉಣ್ಣುತ್ತಿದ್ದಾರೆ. ಅತ್ತೆಯ ಮುಂದೆ ರೊಟ್ಟಿಯ ಬುಟ್ಟಿ. ಆ ಚಿತ್ರವನ್ನು ಕಳಿಸಬಾರದು, ನಾವೇ ಇಟ್ಟುಕೊಳ್ಳೋಣ ಎಂದು ನನಗೆ ಅನಿಸಿತ್ತು. ಆದರೂ ಲಕೋಟೆಗೆ ಅಂಟು ಹಚ್ಚಿದೆ.

ನಾಲ್ಕೈದು ತಿಂಗಳ ಮೇಲೆ ಕಮಲಾಪುರದ ಶಾಲೆಯ ವಿಳಾಸಕ್ಕೆ ಒಂದು ಬಣ್ಣದ ಕಾರ್ಡು ಬಂತು. ನಿಮ್ಮ ಉತ್ಸಾಹಕ್ಕೆ ಧನ್ಯವಾದ ಎಂದು ಅಚ್ಚಾಗಿತ್ತು. ಅದರ ಹಿಂದೆ ಮುಂದಿನ ಸಿ.ಡಿ.ಯ ಜಾಹೀರಾತು. ಅದರಲ್ಲಿ ನಾಯಿ ಬೆಕ್ಕು ಸಾಕಬಹುದಂತೆ.

ಚಿಗವ್ವ ಕಾರ್ಡನ್ನು ಎರಡು ಸಲ ಓದಿದಳು. "ನನ್ನ ಪತ್ರ ಯಾರೂ ಓದಿಲ್ಲ," ಎಂದಳು. "ಓದಿದ್ರ ಚಿತ್ರದ ಬಗ್ಗೆ ಒಂದು ಮಾತು ಬರೀತಿದ್ರು."

ನಾನಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದೆ. ಅವಳು ಎರಡನೆಯ ಪತ್ರ ಬರೆದಳು. ಆಮೇಲೆ ಮೂರನೆಯದು. ಪ್ರತಿಯೊಂದರಲ್ಲೂ ಹೊಸ ಚಿತ್ರ, ಹಳೆಯ ಬೇಡಿಕೆ. ಒಂದರಲ್ಲೂ ಒರಟು ಮಾತಿಲ್ಲ. ಶಾಲೆಯಲ್ಲಿ ತಪ್ಪು ಚಿತ್ರ ಬರೆದ ಮಗುವಿಗೆ ಹೇಳುವ ಹಾಗೆ, ಮೊದಲು ಚೆನ್ನಾಗಿರುವುದನ್ನು ಹೊಗಳಿ, ಆಮೇಲೆ ತಿದ್ದಬೇಕಾದದ್ದನ್ನು ತೋರಿಸುತ್ತಿದ್ದಳು.

ಇದೇ ಹೊತ್ತಿನಲ್ಲಿ ಸೇಡಂ ರಸ್ತೆಯ ಒಂದು ಇಂಟರ್‌ನೆಟ್ ಅಂಗಡಿಯಲ್ಲಿ ನನಗೆ ಒಂದು ತಾಣ ಸಿಕ್ಕಿತು. ಈ ಆಟ ಆಡುವವರೆಲ್ಲ ಸೇರಿ ಬರೆದುಕೊಳ್ಳುವ ಜಾಗ ಅದು. ಮುಂದಿನ ಶನಿವಾರ ಚಿಗವ್ವನನ್ನು ಕರೆದುಕೊಂಡು ಹೋದೆ. ಹಲಗೆಯಿಂದ ಬೇರೆ ಮಾಡಿದ ಗೂಡುಗಳು, ಎಲ್ಲದರಲ್ಲೂ ಕಾಲೇಜು ಹುಡುಗರು. ಚಿಗವ್ವ ಸೆರಗು ಹೊದ್ದು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಇಕ್ಕಟ್ಟಾದ ಗೂಡಿನಲ್ಲಿ ಕೂತಳು. ನಾನು ಓದಿ ಓದಿ ಹೇಳಿದೆ. ಯಾವ ಯಾವುದೋ ದೇಶದವರು, ನೂರಾರು ಮಂದಿ, ಅವಳು ಕೇಳಿದ್ದನ್ನೇ ಕೇಳುತ್ತಿದ್ದರು. ಮಕ್ಕಳು ಬೆಳೆಯಲಿ. ಅಜ್ಜಿ ತಾತ ಇರಲಿ. ಮನೆ ದೊಡ್ಡದಾಗಲಿ. ದಕ್ಷಿಣ ಅಮೆರಿಕದ ಹೆಂಗಸೊಬ್ಬಳು ತನ್ನ ತವರಿನಲ್ಲಿ ಹನ್ನೊಂದು ಮಂದಿ ಇದ್ದಾರೆಂದು ಬರೆದಿದ್ದಳು. ಬಹಳ ಮಂದಿ ಕಂಪನಿಯನ್ನು ಬಾಯಿಗೆ ಬಂದ ಹಾಗೆ ಬೈದಿದ್ದರು.

"ಇಷ್ಟ ಮಂದಿ ಕೇಳಾಕತ್ತಾರ," ಎಂದಳು ಚಿಗವ್ವ, ಬೆರಗಿನಿಂದ. "ನಾ ಒಬ್ಬಾಕಿನೇ ಅಂತ ತಿಳಕೊಂಡಿದ್ದೆ. ಇಷ್ಟ ಮಂದಿ ಕೇಳಿದ್ರೂ ಅವರು ಯಾಕ ಕೇಳವಲ್ರು?"

ಅವಳು ಹೇಳಿದ್ದನ್ನು ನಾನು ಟೈಪು ಮಾಡಿ ಹಾಕಿದೆ. ಮುಂದಿನ ಸಲ ಹೋದಾಗ ಹತ್ತಾರು ಉತ್ತರಗಳು ಬಂದಿದ್ದವು. ಹನ್ನೊಂದು ಮಂದಿಯ ಮನೆಯವಳು ಎಲ್ಲರಿಗಿಂತ ಉದ್ದ ಬರೆದಿದ್ದಳು. ಇನ್ನೊಬ್ಬರು ಒಂದು ದಾರಿ ತೋರಿಸಿದ್ದರು: ಕಂಪನಿ ಕೊಡದಿದ್ದರೆ ನೀವೇ ಮಾಡಿಕೊಳ್ಳಬಹುದು. ಆಟದ ಕುರ್ಚಿ ಮಂಚ ಬಟ್ಟೆಗಳ ಚಿತ್ರವನ್ನು ಹೊರತೆಗೆದು, ಅದರ ಮೇಲೆ ನಿಮಗೆ ಬೇಕಾದದ್ದನ್ನು ಬರೆದು, ಮತ್ತೆ ಒಳಗೆ ಹಾಕುವ ಒಂದು ಸಾಧನ ಇದೆ.

"ಬರೆಯೂದಾದ್ರ ನನಗ ಬರ್ತದ," ಎಂದಳು ಚಿಗವ್ವ.

ಆದರೆ ಮೌಸು ಹಿಡಿದು ಬರೆಯುವುದು ಬರುತ್ತಿರಲಿಲ್ಲ. ಇಪ್ಪತ್ತು ವರ್ಷ ಬ್ರಷ್ಷು ಹಿಡಿದ ಕೈ ಅದು. ಒಂದು ಗೆರೆ ಎಳೆದರೆ ಅದು ಇಲಿ ಓಡಿದಂತೆ ಎಲ್ಲೋ ಹೋಗುತ್ತಿತ್ತು. "ಮೈ ತೊಳಿಯೂ ಸಬಕಾರ ತೋಯಿಸಿ ಹಿಡಕೊಂಡು ಚಿತ್ರ ಬರದಂಗ ಆಗ್ತದ," ಎಂದು ಬೈದುಕೊಳ್ಳುತ್ತಿದ್ದಳು. ಕೊನೆಗೆ ಗೆರೆ ಎಳೆಯುವುದನ್ನೇ ಬಿಟ್ಟಳು. ಚುಕ್ಕೆ ಇಡತೊಡಗಿದಳು. ಕಮಲಾಪುರದಲ್ಲಿ ವಾರವಿಡೀ ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ಬಣ್ಣ ತುಂಬಿ ತರುವುದು, ಇಲ್ಲಿ ಶನಿವಾರ ಕೂತು ಅದೇ ಚೌಕಗಳನ್ನು ಒಂದೊಂದಾಗಿ ತೆರೆಗೆ ಇಳಿಸುವುದು. ಕಸೂತಿ ಹಾಕಿದ ಹಾಗೆ. ಹೀಗೆ ಅತ್ತೆಗೆ ಇಳಕಲ್ ಸೀರೆ ಬಂತು. ಗ್ಯಾಸಿನ ಒಲೆ ಮಣ್ಣಿನ ಒಲೆಯಾಯಿತು. ನೀರಿನ ಹಂಡೆ ಬಂತು, ರೊಟ್ಟಿಯ ಬುಟ್ಟಿ ಬಂತು.

ನೆಲದ ಮೇಲೆ ಕೂರಿಸುವುದೇ ಕಷ್ಟವಾಯಿತು. ಕುರ್ಚಿಯ ಚಿತ್ರ ಅಳಿಸಿ ಅಲ್ಲಿ ಒಂದು ಮಣೆ ಬರೆದಳು. ಆದರೆ ಕೂರುವವರಿಗೆ ಅದು ಇನ್ನೂ ಕುರ್ಚಿಯೇ. ಆಟ ಶುರು ಮಾಡಿದೆವು. ಅತ್ತೆ ತಾಟು ಹಿಡಿದು ಗಂಭೀರವಾಗಿ ಬಂದು, ಮಣೆಯಿಂದ ಒಂದೂವರೆ ಅಡಿ ಮೇಲೆ, ಬರಿ ಗಾಳಿಯಲ್ಲಿ ಕೂತು ಉಣ್ಣತೊಡಗಿದಳು.

ಚಿಗವ್ವ ಬಾಯಿಗೆ ಸೆರಗು ಹಿಡಿದಳು. "ನಮ್ಮ ಅತ್ತಿಯವರಿಗಿ ಯೋಗ ಸಿದ್ಧಿಸ್ಯದ ನೋಡು!" ಎಂದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಡುಗೆಮನೆಯಿಂದ ಅವ್ವ ಓಡಿ ಬಂದಳು. ಮೂವರೂ ಆ ತೇಲುವ ಅತ್ತೆಯನ್ನು ನೋಡಿ ನೋಡಿ ನಕ್ಕೆವು.

ಅವಳು ಮಾಡಿದ್ದರಲ್ಲಿ ಎಲ್ಲರಿಗೂ ಇಷ್ಟವಾದದ್ದು ಬಾಳೆಹಣ್ಣು. ಆಟದಲ್ಲಿ ಹಣ್ಣಿನ ಒಂದು ಬಟ್ಟಲಿತ್ತು. ಅದರ ಮೇಲೆ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು ಬರೆದು ತಾಣಕ್ಕೆ ಹಾಕಿದಳು. ಮರುವಾರ ಒಬ್ಬರು ಸೌಜನ್ಯದಿಂದ ಕೇಳಿದ್ದರು: ಚಿತ್ರ ಸೊಗಸಾಗಿದೆ, ಆದರೆ ಬಣ್ಣ ತಪ್ಪಿದೆಯಲ್ಲವೇ? ಚಿಗವ್ವ ಬರೆಸಿದ ಉತ್ತರ ಒಂದೇ ಸಾಲು: ಬಣ್ಣ ತಪ್ಪಿಲ್ಲ, ನಮ್ಮೂರಿನ ಹಣ್ಣು ಹೀಗೇ ಇರುತ್ತದೆ. ಆಮೇಲೆ ಬೇರೆ ಬೇರೆ ದೇಶದವರು ತಾವು ಕಟ್ಟಿದ ಮನೆಗಳ ಚಿತ್ರ ಹಾಕಿದಾಗ ನಾವು ಹುಡುಕುತ್ತಿದ್ದೆವು. ಯಾವುದೋ ಮನೆಯ ಊಟದ ಮೇಜಿನ ಮೇಲೆ ಆ ಕೆಂಪು ಚಿಪ್ಪು ಕಂಡರೆ ಚಿಗವ್ವ ಗೂಡಿನಲ್ಲಿ ನೆಟ್ಟಗೆ ಕೂರುತ್ತಿದ್ದಳು.

ಅಷ್ಟರಲ್ಲಿ ಮತ್ತೊಂದು ಹೊಸ ಸಿ.ಡಿ. ಬಂತು. ಇದರಲ್ಲಿ ನೆಲದ ಮೇಲೆ ಕೂರಬಹುದಂತೆ ಎಂಬ ಸುದ್ದಿ ತಾಣದಲ್ಲಿ ಹಬ್ಬಿತ್ತು. ಗಂಜಿನ ಬೇಳೆ ವ್ಯಾಪಾರಿಗೆ ಮತ್ತೆ ಚೀಟಿ ಹೋಯಿತು. ಸಿ.ಡಿ. ಹಾಕಿ ಆಟ ತೆರೆದೆವು. ಸುದ್ದಿ ಸುಳ್ಳಾಗಿತ್ತು. ಅದಕ್ಕಿಂತ ಕೆಟ್ಟದ್ದೂ ಆಗಿತ್ತು. ಚಿಗವ್ವ ಮಾಡಿದ ಒಂದು ವಸ್ತುವೂ ಇರಲಿಲ್ಲ. ಒಲೆ ಇದ್ದಲ್ಲಿ ಬರಿ ನೆಲ. ಹಂಡೆ ಇಲ್ಲ, ಸೀರೆ ಇಲ್ಲ, ಬಾಳೆಹಣ್ಣಿಲ್ಲ. ಹೊಸ ಆಟ ಹೊರಗಿನವರು ಮಾಡಿದ್ದನ್ನು ಗುರುತಿಸುತ್ತಿರಲಿಲ್ಲ.

ಚಿಗವ್ವ ಕೈಯನ್ನು ಮೌಸಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ನಾವೆಲ್ಲ ಮಾಡೀವಿ ಅನ್ನೂದು ಅವರಿಗಿ ಗೊತ್ತಿರಲಿಕ್ಕಿಲ್ಲ," ಎಂದಳು. ಗ್ರಾಫ್ ಹಾಳೆಯ ಕಟ್ಟನ್ನು ಕೈಚೀಲಕ್ಕೆ ಹಾಕುತ್ತ, "ಗೊತ್ತಿದ್ದೂ ಹಿಂಗ ಮಾಡಿದ್ರ ಇನ್ನಾ ಕೆಟ್ಟ," ಎಂದಳು.

ನಾನು ಸೇಡಂ ರಸ್ತೆಗೆ ಹೋಗಿ ಸಿಟ್ಟಿನ ಭರದಲ್ಲಿ ಒಂದು ಪುಟ ಬೈಗುಳ ಬರೆದು ಹಾಕಿದೆ. ಹೆಮ್ಮೆಯಿಂದ ಮನೆಗೆ ಬಂದು ಹೇಳಿದೆ. ಅವಳಿಗೆ ಅದು ಹಿಡಿಸಲಿಲ್ಲ.

"ತಗದು ಹಾಕು."

"ಯಾಕ ಚಿಗವ್ವ? ಅವರು ಮಾಡಿದ್ದು ಸರೀನಾ?"

"ಸರಿ ಅಲ್ಲ. ಆದ್ರ ಬೈದ್ರ ಅವರಿಗಿ ಸಲೀಸು ಆಗ್ತದ. ಬೈಗುಳಕ್ಕ ಯಾರೂ ಜವಾಬು ಕೊಡಬೇಕಂತಿಲ್ಲ. ಚಂದಂಗ ಕೇಳಿದ್ರ ಸುಮ್ಮ ಕೂಡೂದು ಕಷ್ಟ."

ಅಷ್ಟು ಹೇಳಿದವಳು ಮುಂದಿನ ಮೂರು ವಾರ ಬರಲೇ ಇಲ್ಲ. ಶಾಲೆಯ ಕೆಲಸ ಎಂದು ಹೇಳಿ ಕಳಿಸಿದ್ದಳು. ಅವ್ವ, "ಮನಸಿಗಿ ಹಚಗೊಂಡಾಳ," ಎಂದಳು. ನಾಲ್ಕನೆಯ ಶನಿವಾರ ಬಂದಳು. ಕೈಚೀಲದಿಂದ ಗ್ರಾಫ್ ಹಾಳೆಗಳ ಹಳೆಯ ಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟಳು. ಎಲ್ಲ ಚೌಕಗಳೂ ಹಾಗೇ ಇದ್ದವು.

"ಮೊದಲಿನಿಂದ ಶುರು ಮಾಡೋಣು," ಎಂದಳು. "ಹೋದ ಸಲ ಒಲಿ ಸ್ವಲ್ಪ ಸೊಟ್ಟ ಆಗಿತ್ತು. ಈ ಸಲ ನೆಟ್ಟಗ ಮಾಡ್ತೇನಿ."

ಆ ಮಾತು ಕೇಳಿದಾಗ ನನಗೆ ಅವಳ ಕಾಲು ಮುಟ್ಟಬೇಕೆನಿಸಿತು. ಮುಟ್ಟಲಿಲ್ಲ, ಕುರ್ಚಿ ಎಳೆದುಕೊಟ್ಟೆ.

ಆ ಚಳಿಗಾಲದಲ್ಲಿ ಚಿಗವ್ವನ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ ಮಾಡಿಸಿ, ಹತ್ತು ದಿನ ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಚಿಗವ್ವ ರಜೆ ಹಾಕಿ ಬಂದಿದ್ದಳು. ಅಜ್ಜಿ ಎಂದು ನಾನು ಕರೆಯುತ್ತಿದ್ದ ಆ ಮುದುಕಿ ಕಮ್ಮಿ ಮಾತಿನ, ಬಿಗಿ ಮುಖದ ಹೆಂಗಸು. ಮನೆಯಲ್ಲಿ ಅವಳು ಹೇಳಿದ ಮೇಲೆ ಮುಗಿಯಿತು. ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಕೊಟ್ಟು, ಸ್ವಲ್ಪ ಸ್ವಲ್ಪ ನೋಡಬಹುದು ಎಂದು ಡಾಕ್ಟರು ಹೇಳಿದ ಮರುದಿನ ಬೆಳಿಗ್ಗೆ ಅವಳು ಪಡಸಾಲೆಯಲ್ಲಿ ಕೂತಿದ್ದಳು. ನಾನು ಆಟ ತೆರೆದಿದ್ದೆ.

"ಅದೇನು?" ಎಂದಳು.

"ನಿಮ್ಮ ಮನೀನೇ ಅಜ್ಜಿ. ಚಿಗವ್ವ ಮಾಡ್ಯಾಳ."

ಚಿಗವ್ವ ಒಳಗಿನಿಂದ ಬಂದು ಬಾಗಿಲಲ್ಲೇ ನಿಂತಳು. ಅವಳು ಆಟದೊಳಗೆ ತಮ್ಮ ಮನೆಯನ್ನೇ ಕಟ್ಟಿದ್ದಾಳೆಂದು ಅಜ್ಜಿಗೆ ಗೊತ್ತಿರಲಿಲ್ಲ. ಅಜ್ಜಿ ಕುರ್ಚಿಯನ್ನು ಹತ್ತಿರ ಎಳೆಸಿಕೊಂಡು, ಕನ್ನಡಕ ಎತ್ತಿ, ಹೊಸ ಕಣ್ಣಿನಿಂದ ನೋಡಿದಳು. ಇಳಕಲ್ ಸೀರೆ ಗುರುತಿಸಿದಳು. ಹಂಡೆ ಗುರುತಿಸಿದಳು. ಬೆರಳು ಮಡಚಿ ಮಂದಿಯನ್ನು ಎಣಿಸಿದಳು. ತನ್ನ ಮಕ್ಕಳು, ಸಣ್ಣ ಸೊಸೆ, ಮೊಮ್ಮಕ್ಕಳು. ಆಮೇಲೆ ಹಿಂದಕ್ಕೆ ತಿರುಗದೆ ಕೇಳಿದಳು:

"ನೀ ಎಲ್ಲಿ?"

"ಎಂಟೇ ಮಂದಿಗಿ ಜಾಗ ಅದರಿ ಅತ್ತಿ. ಅದಕ್ಕ ನಾ ಹೊರಗ ಅದೀನಿ."

ಅಜ್ಜಿ ಕುರ್ಚಿಯಿಂದ ಇನ್ನಷ್ಟು ಮುಂದಕ್ಕೆ ಬಾಗಿದಳು. ತೆರೆಯ ಮೇಲಿನ ಅಡುಗೆಮನೆಯನ್ನು ನೋಡುತ್ತಿದ್ದಳು. ಮಣ್ಣಿನ ಒಲೆಯ ಎದುರಿಗೆ, ಮೂಡಣ ಗೋಡೆಯಲ್ಲಿ, ಒಂದು ಕಿಟಕಿ ಇತ್ತು.

ಕಮಲಾಪುರದ ಆ ಅಡುಗೆಮನೆ ನನಗೆ ಗೊತ್ತಿತ್ತು. ಕಲ್ಲಿನ ದಪ್ಪ ಗೋಡೆ, ಹೊಗೆಗೆ ಕರಿಯಾದ ಮಾಳಿಗೆ, ಬೆಳಕು ಬರುವುದು ಬಾಗಿಲಿನಿಂದ ಮಾತ್ರ. ಹಗಲು ಹೊತ್ತಿನಲ್ಲೂ ಬಲ್ಬು ಹಾಕಬೇಕು. ಕರೆಂಟು ಹೋದರೆ ರೊಟ್ಟಿ ಬೆಂದಿದೆಯೇ ಇಲ್ಲವೇ ಎಂದು ಬೆರಳಿನಿಂದ ಒತ್ತಿ ತಿಳಿಯಬೇಕು.

"ನಮ್ಮ ಅಡಗಿ ಮನ್ಯಾಗ ಕಿಟಕಿ ಇಲ್ಲಲ್ಲ," ಎಂದಳು ಅಜ್ಜಿ.

"ಇಲ್ರಿ. ಅಲ್ಲಿ ನಾನೇ ಇಟ್ಟೀನಿ."

"ಬೇಕಾಗಿದ್ರ ಹೇಳಬೇಕಿಲ್ಲೇನು?"

"ಹೇಳಿದ್ದೆರಿ. ಎರಡ ಸಲ."

ತೆರೆಯ ಮೇಲೆ ಯಾರೋ ತಾಟು ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ಅಜ್ಜಿಯ ಬಿಗಿ ಮುಖ ಸ್ವಲ್ಪವೂ ಸಡಿಲಾಗಲಿಲ್ಲ. ಇನ್ನೇನು ಬೈಯುತ್ತಾಳೆ ಎಂದುಕೊಂಡೆ.

"ಆ ಪರದೇಶದ ಮಂದಿಗಿ ನೀ ಪತ್ರದ ಮ್ಯಾಲ ಪತ್ರ ಬರದೀಯಂತ. ನಿನ್ನ ಅಕ್ಕ ಹೇಳಿದಳು," ಎಂದಳು. "ಮುಖಾ ನೋಡದವರಿಗಿ ಅಷ್ಟ ಸಲ ಹೇಳಿದಾಕಿ, ನನಗ ಎರಡ ಸಲಕ್ಕ ಬಿಟ್ಟಿಯೇನು?"

ಚಿಗವ್ವ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅವ್ವ ಅಕ್ಕರೆಯಿಂದ ಏನೋ ಹೇಳುತ್ತಿದ್ದದ್ದು ಕೇಳಿಸಿತು. ಅಜ್ಜಿ ಕಪ್ಪು ಕನ್ನಡಕ ಇಳಿಸಿಕೊಂಡು, "ನಡೀಲಿ, ಮುಂದ ತೋರ್ಸು," ಎಂದಳು ನನಗೆ.

ಯುಗಾದಿಗೆ ಮುಂಚೆ ಕಮಲಾಪುರಕ್ಕೆ ಗೌಂಡಿ ಬಂದ. ಆ ಗೋಡೆ ಒಡೆಯಲು ಎರಡು ದಿನ ಹಿಡಿಯಿತಂತೆ. ಹಬ್ಬಕ್ಕೆ ನಾವು ಹೋದಾಗ ಬೆಳಗಿನ ಬಿಸಿಲು ಒಲೆಯ ಮೇಲೆ, ಹಿಟ್ಟು ನಾದುವ ಕೊಣಮಿಗೆಯ ಮೇಲೆ, ಚಿಗವ್ವನ ಕೈಯ ಮೇಲೆ ಬಿದ್ದಿತ್ತು. ಗೋಡೆಯ ಮಸಿ ಎಷ್ಟು ದಪ್ಪವಿತ್ತು ಎಂಬುದು ಮೊದಲ ಸಲ ಕಂಡು ಎಲ್ಲರೂ ಸುಣ್ಣ ಹಿಡಿದು ನಿಂತರು. ಅಜ್ಜಿ ಮಾತ್ರ ಆ ಕಿಟಕಿಯಿಂದ ಬೆಕ್ಕು ಬರುತ್ತದೆ, ಹಾಲು ಮುಚ್ಚಿಡಬೇಕು ಎಂದು ಹಬ್ಬವಿಡೀ ಗೊಣಗಿದಳು.

ಆಟದ ಕಂಪನಿಯವರು ಆಮೇಲೂ ಕೇಳಲಿಲ್ಲ. ಚಿಗವ್ವ ಆರು ಪತ್ರ ಬರೆದಳು, ಬಂದದ್ದು ಆ ಒಂದೇ ಕಾರ್ಡು. ತಾಣದಲ್ಲಿ ಬಹಳ ಮಂದಿ ಬೇಸತ್ತು ಆಟ ಬಿಟ್ಟರು. ಹನ್ನೊಂದು ಮಂದಿಯ ಮನೆಯವಳು ಬಿಡಲಿಲ್ಲ. ಅವಳ ಮನೆಗೆ ಚಿಗವ್ವ ಒಂದು ದೊಡ್ಡ ಊಟದ ಮೇಜು ಬರೆದುಕೊಟ್ಟಳು. ಪ್ರತಿಯಾಗಿ ಅವಳು ಮಣೆಯ ಎತ್ತರ ಸರಿಮಾಡುವುದನ್ನು ಗೊತ್ತಿರುವವರಿಂದ ಕಲಿತು ಕಳಿಸಿದಳು. ತೇಲುತ್ತಿದ್ದ ಅತ್ತೆ ಕೊನೆಗೂ ಕೆಳಗಿಳಿದಳು.

ನಾನು ಓದು ಮುಗಿಸಿ ಕಲಬುರಗಿಯಲ್ಲೇ ಒಂದು ಆಫೀಸಿಗೆ ಸೇರಿದ ಮೇಲೆ ಆ ಆಟದ ಹೊಸ ರೂಪ ಬಂತು. ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಅದು ನಡೆಯುತ್ತಿರಲಿಲ್ಲ, ಆಫೀಸಿನ ಗೆಳತಿಯೊಬ್ಬಳ ಮನೆಗೆ ಚಿಗವ್ವನನ್ನು ಕರೆದೊಯ್ದೆ. ಇದರಲ್ಲಿ ಮಕ್ಕಳು ಬೆಳೆಯುತ್ತಿದ್ದರು. ದೊಡ್ಡವರಿಗೆ ವಯಸ್ಸಾಗುತ್ತಿತ್ತು. ನಾವು ಒಂದು ಮಧ್ಯಾಹ್ನವಿಡೀ ಕೂತು ಒಬ್ಬ ಹೆಂಗಸನ್ನು ಬದುಕಿಸಿದೆವು. ಸಂಜೆಯ ಹೊತ್ತಿಗೆ ಅವಳ ಕೂದಲು ಬೆಳ್ಳಗಾಯಿತು, ಬೆನ್ನು ಬಾಗಿತು, ಒಂದು ಕೈ ಸೊಂಟಕ್ಕೆ ಕೊಟ್ಟು ನಿಧಾನವಾಗಿ ಅಂಗಳ ದಾಟಿದಳು.

"ನಡಿಗಿ ನೋಡು," ಎಂದಳು ಚಿಗವ್ವ. "ಖರೇನೇ ಮುದುಕಿ ನಡದಂಗ ಅದ. ಯಾರೋ ತಮ್ಮ ಅಜ್ಜೀನ ನೋಡಿ ಮಾಡ್ಯಾರ."

ಮರುದಿನ ಮತ್ತೆ ಡ್ರಾಯಿಂಗ್ ಹಾಳೆ ಹೊರಬಂತು. ಧನ್ಯವಾದ ಹೇಳಿ ಬರೆಯಬೇಕಂತೆ. ನನಗೆ ರೇಗಿತು.

"ನೀ ಹೇಳಿದ್ದಕ್ಕ ಅವರು ಮಾಡಿಲ್ಲ ಚಿಗವ್ವ. ನಿನ್ನ ಒಂದು ಪತ್ರಾನೂ ಓದಿಲ್ಲ."

"ಇರಬಹುದು."

"ಮತ್ತ ಧನ್ಯವಾದ ಯಾತಕ್ಕ?"

"ಚಲೋ ಮಾಡ್ಯಾರಲ್ಲ, ಅದಕ್ಕ. ಕೆಟ್ಟದ್ದಕ್ಕ ಆರು ಪತ್ರ ಬರದೀನಿ. ಚಲೋದಕ್ಕ ಒಂದರೆ ಬರೀಬೇಕೋ ಬ್ಯಾಡೋ?"

ನಾನು ಇಂಗ್ಲಿಷಿನ ಪ್ರತಿ ಬರೆದುಕೊಟ್ಟೆ. ಈ ಸಲದ ಚಿತ್ರದಲ್ಲಿ ಒಬ್ಬ ಮುದುಕಿ ಸೊಂಟದ ಮೇಲೆ ಕೈಯಿಟ್ಟು ನಡೆಯುತ್ತಿದ್ದಳು. ಅದನ್ನು ಹಾಕಲೆಂದೇ ಅವಳು ಸೋಮವಾರ ರಜೆ ಹಾಕಿ ಉಳಿದಳು. ಪೋಸ್ಟ್ ಆಫೀಸಿನಲ್ಲಿ ಗುಮಾಸ್ತರು ಲಕೋಟೆಯನ್ನು ತಕ್ಕಡಿಗೆ ಹಾಕಿ, ಪರದೇಶದ ವಿಳಾಸ ಓದಿ, ಒಳಗೇನಿದೆ ಎಂದು ಕೇಳಿದರು.

"ಒಂದು ಚಿತ್ರ ಅದರಿ," ಎಂದಳು ಚಿಗವ್ವ. "ಮಡಚಬ್ಯಾಡ್ರಿ."

ಅವರು ತಲೆಯಾಡಿಸಿ, ಸ್ಟಾಂಪು ಹಚ್ಚಿ, ಮುದ್ರೆಯನ್ನು ಅಂಚಿಗೆ ಮೆಲ್ಲಗೆ ಒತ್ತಿದರು. ನಾವು ಹೊರಗೆ ಬಂದೆವು. ಮೂರು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಮಕ್ಕಳಿಗೆ ಹಸಿರು ಬಣ್ಣ ಮುಗಿದಿದೆ, ಎರಡು ಡಬ್ಬಿ ಕೊಳ್ಳಬೇಕು ಎಂದು ನೆನಪಿಸಿಕೊಂಡು, ಚಿಗವ್ವ ಬಿಸಿಲಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡು ಮುಂದೆ ನಡೆದಳು.